ಪೋರ್ಟಲ್, ಆಪ್, ಜಿಮೇಲ್: ಸಿಗ್ನಲ್ ಇಲ್ಲದ ಮನೆಯಲ್ಲಿ ಆನ್‌ಲೈನ್ ಕೋರ್ಸ್ ಮಾಡುವವರಿಗೆ ಯಾವುದು ಒಳ್ಳೆಯದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಿಮೇಲ್‌ಗೆ. ಆನ್‌ಲೈನ್ ಎಂ.ಕಾಂ.ನ ಎರಡನೇ ಸೆಮಿಸ್ಟರ್ ನಡೆಯುತ್ತಿದೆ. ಕಾಲೇಜು ಇರುವುದು ಎಲ್ಲೋ ದೂರದಲ್ಲಿ, ನಾನಿರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕೋಣಂದೂರು ಕಡೆಯ ಒಂದು ಹಳ್ಳಿಯಲ್ಲಿ. ಹಗಲು ಸೊಸೈಟಿ ಕೆಲಸ. ಓದು ಏನಿದ್ದರೂ ರಾತ್ರಿ ಊಟ ಮುಗಿದು ಪಾತ್ರೆ ತೊಳೆದ ಮೇಲೆ. ಪಾಠ, ಅಸೈನ್‌ಮೆಂಟ್, ಮೇಡಂ ಹಾಕುವ ಸೂಚನೆ ಇವೆಲ್ಲ ನನಗೆ ಸಿಗುವುದಕ್ಕೆ ಮೂರು ದಾರಿ ಇವೆ. ಬ್ರೌಸರ್‌ನಲ್ಲಿ ಕಾಲೇಜಿನ ಪೋರ್ಟಲ್ ತೆಗೆಯಬಹುದು, ಫೋನಿಗೆ ಮೂಡಲ್ ಆಪ್ ಹಾಕಿಕೊಳ್ಳಬಹುದು, ಇಲ್ಲವೇ ಕಾಲೇಜು ಕೊಟ್ಟ ಮೇಲ್ ಐಡಿಯನ್ನು ಜಿಮೇಲ್ ಆಪ್‌ಗೆ ಸೇರಿಸಿಕೊಂಡು ಬಂದದ್ದನ್ನು ಅಲ್ಲೇ ಓದಬಹುದು. ಮೂರನ್ನೂ ಮಳೆಗಾಲದಲ್ಲಿ ಬಳಸಿ ನೋಡಿದ್ದೇನೆ. ನಮ್ಮ ಕಡೆ ಮಳೆಗಾಲದಲ್ಲಿ ನಡೆದರೆ ಮಾತ್ರ ನಡೆದ ಹಾಗೆ.

ನಮ್ಮ ಕಾಲೇಜಿನ ಪೋರ್ಟಲ್ ಮೂಡಲ್ ಮೇಲೆ ಕಟ್ಟಿದ್ದು. ಮೂಡಲ್ ಅಂದರೆ ಆನ್‌ಲೈನ್ ಪಾಠ ನಡೆಸಲಿಕ್ಕೆ 2002ರಿಂದ ಇರುವ ಮುಕ್ತ ತಂತ್ರಾಂಶ, ಆಸ್ಟ್ರೇಲಿಯಾದ ಮಾರ್ಟಿನ್ ಡೊಗಿಯಾಮಸ್ ಶುರು ಮಾಡಿದ್ದು. ಎಷ್ಟೋ ಕಾಲೇಜುಗಳು ಬಣ್ಣ, ಲೋಗೊ ಬದಲಾಯಿಸಿ ಇದನ್ನೇ ಇಟ್ಟುಕೊಂಡಿರುವುದರಿಂದ ನಾನು ಹೇಳುವ ಸೆಟ್ಟಿಂಗ್‌ಗಳು ನಿಮ್ಮಲ್ಲೂ ಇರಬಹುದು.

ಲ್ಯಾಪ್‌ಟಾಪ್‌ನಲ್ಲಿ ಕೂತು ಓದುವುದಕ್ಕೆ ಪೋರ್ಟಲ್ ಚೆನ್ನಾಗಿಯೇ ಇದೆ. ಯಾವ ಅಸೈನ್‌ಮೆಂಟ್ ಯಾವತ್ತು ಕೊಡಬೇಕು ಅನ್ನುವುದು ಡ್ಯಾಶ್‌ಬೋರ್ಡ್‌ನಲ್ಲಿ ದಿನಾಂಕದ ಸಾಲಿನಲ್ಲಿ ಕಾಣುತ್ತದೆ. ಅಂಕ ನೋಡಲಿಕ್ಕೂ ಫೈಲ್ ಹಾಕಲಿಕ್ಕೂ ಅದೇ ಸಲೀಸು.

ತೊಂದರೆ ಇರುವುದು ನೋಟಿಸ್‌ನಲ್ಲಿ. ಕಾಲೇಜಿನವರು ತಮ್ಮದೇ ಒಂದು ನೋಟಿಸ್ ವ್ಯವಸ್ಥೆಯನ್ನು ಪೋರ್ಟಲ್‌ಗೆ ಸೇರಿಸಿದ್ದಾರೆ. ಅದರಲ್ಲಿ ಏನಾದರೂ ಹಾಕಿದರೆ ನಮಗೊಂದು ಮೇಲ್ ಬರುತ್ತದೆ. ಮೇಲ್ ತೆರೆದರೆ ಒಳಗಿರುವುದು ಇಷ್ಟೇ: ನಿಮಗೆ ಹೊಸ ಸೂಚನೆ ಬಂದಿದೆ, ಲಾಗಿನ್ ಆಗಿ ಓದಿ. ಪರೀಕ್ಷೆಯ ತಾರೀಖು ಬದಲಾಯಿತೋ, ಲೈವ್ ಕ್ಲಾಸ್ ರದ್ದಾಯಿತೋ, ಹಬ್ಬದ ಶುಭಾಶಯವೋ, ಒಂದಕ್ಷರವೂ ಇಲ್ಲ. ಅಂಚೆಯಣ್ಣ ಅಂಗಳದಲ್ಲಿ ನಿಂತು, ನಿಮಗೊಂದು ಕಾಗದ ಬಂದಿದೆ, ತೀರ್ಥಹಳ್ಳಿಗೆ ಹೋಗಿ ಓದಿಕೊಂಡು ಬನ್ನಿ ಅಂದ ಹಾಗೆ.

ಸರಿ, ಲಿಂಕ್ ಒತ್ತಿದೆವು ಅನ್ನಿ. ಪೋರ್ಟಲ್ ನಮ್ಮನ್ನು ಬೇಗ ಲಾಗ್‌ಔಟ್ ಮಾಡಿಬಿಡುವುದರಿಂದ ಹೆಚ್ಚುಕಮ್ಮಿ ಪ್ರತಿ ಸಲವೂ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಒಟಿಪಿ. ಒಟಿಪಿ ಬರುವುದು ಎಸ್ಸೆಮ್ಮೆಸ್‌ನಲ್ಲಿ. ಮಲೆನಾಡಿನವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ, ಬೇರೆ ಊರಿನವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ, ವೈಫೈ ಇದೆ, ವಿಡಿಯೊ ಕಾಲ್ ಕೂಡ ಆಗುತ್ತದೆ. ಮೊಬೈಲ್ ಸಿಗ್ನಲ್ ಮಾತ್ರ ಇಲ್ಲ. ಮನೆ ಇರುವುದು ಗುಡ್ಡದ ಬುಡದಲ್ಲಿ, ಸುತ್ತ ತೋಟ. ನನ್ನ ಸಿಮ್‌ಗೆ ಎರಡು ಕಡ್ಡಿ ಸಿಗ್ನಲ್ ಸಿಗಬೇಕಾದರೆ ಧರೆ ಹತ್ತಿ ಹಲಸಿನ ಮರದ ಹತ್ತಿರ ನಿಲ್ಲಬೇಕು. ಅಲ್ಲಿ ಎಸ್ಸೆಮ್ಮೆಸ್ ಬರುತ್ತದೆ, ಆದರೆ ವೈಫೈ ಎಟುಕುವುದಿಲ್ಲ. ಕೆಳಗೆ ಓಡಿ ಬಂದು ಅಂಕಿ ಒತ್ತುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಆಷಾಢದ ಮಳೆಯಲ್ಲಿ ರಾತ್ರಿ ಟಾರ್ಚ್ ಹಿಡಿದು, ಕಾಲಿಗೆ ಉಂಬಳ ಹತ್ತಿಸಿಕೊಂಡು ಈ ಕೆಲಸ ಮಾಡಿದ್ದೇನೆ. ಒಳಗೆ ಹೋಗಿ ನೋಡಿದರೆ ಅಲ್ಲಿದ್ದದ್ದು ‘ನಾಳೆಯ ತರಗತಿ ಎಂದಿನಂತೆ ನಡೆಯಲಿದೆ’ ಅಂತ. ಬಹಳ ಬೇಜಾರಾಗಿತ್ತು ಅವತ್ತು.

ಹೀಗೇ ಇರಬೇಕಾಗಿಲ್ಲ ಅಂತ ಗೊತ್ತಾದದ್ದು ಇದೇ ಸೆಮಿಸ್ಟರ್‌ನ ಇನ್ನೊಂದು ಕೋರ್ಸ್‌ನಿಂದ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ವೇದಿಕೆಯಾದ ‘ಸ್ವಯಂ’ ಮೂಲಕ ಮಾಡಲು ಕಾಲೇಜುಗಳು ಅವಕಾಶ ಕೊಡಬಹುದು. ನಾನು ಒಂದು ವಿಷಯಕ್ಕೆ ಸ್ವಯಂನಲ್ಲಿ ಸಿಗುವ, ಐಐಟಿ ಮತ್ತು ಐಐಎಸ್‌ಸಿಯವರು ಸೇರಿ ನಡೆಸುವ ಎನ್‌ಪಿಟಿಇಎಲ್‌ನ 12 ವಾರದ ಕೋರ್ಸ್ ತೆಗೆದುಕೊಂಡೆ. ಅಲ್ಲಿಯ ಸೂಚನೆಗಳು ಗೂಗಲ್ ಗ್ರೂಪ್ ಮೂಲಕ ಮೇಲ್‌ಗೇ ಬರುತ್ತವೆ. ಈ ವಾರದ ಪಾಠ ತೆರೆದಿದೆ, ಅಸೈನ್‌ಮೆಂಟ್ ಇಂಥ ದಿನ ರಾತ್ರಿ 11.59ರ ಒಳಗೆ ಕೊಡಿ ಅಂತ ವಿಷಯವೆಲ್ಲ ಮೇಲ್‌ನಲ್ಲೇ ಇರುತ್ತದೆ. ಸೊಸೈಟಿಗೆ ಹೋಗುವ ಬಸ್ಸಿನಲ್ಲಿ ಓದಿಕೊಂಡರೆ ಆಯಿತು. 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್‌ಗಳ ಸರಾಸರಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ಹಾಗಾಗಿ ವಾರದ ಗಡುವು ಕಣ್ಣೆದುರಿಗೇ ಇರುವುದು ಮುಖ್ಯ.

ಇದನ್ನು ನೋಡಿದ ಮೇಲೆ ನಮ್ಮ ಮೇಡಂಗೆ ಫೋನ್ ಮಾಡಿದೆ. “ಮೇಡಂ, ನೋಟಿಸನ್ನ ಕೋರ್ಸಿನ ಅನೌನ್ಸ್‌ಮೆಂಟ್ಸ್ ಫೋರಂನಲ್ಲೂ ಒಂದು ಸಲ ಹಾಕ್ತೀರಾ? ಅಲ್ಲಿ ಹಾಕಿದ್ರೆ ಪೂರ್ತಿ ಮೇಲ್‌ಗೇ ಬರ್ತದೆ” ಅಂದೆ. “ಅದಕ್ಕೇನಮ್ಮ, ಹಾಕ್ತೀನಿ. ಹಳ್ಳಿ ಕಡೆಯವರು ಇನ್ನೂ ಸುಮಾರು ಜನ ಇದೀರಲ್ಲ” ಅಂದರು. ಅವತ್ತಿನಿಂದ ಅವರ ವಿಷಯದಲ್ಲಿ ನನಗೆ ಏನೂ ತಪ್ಪಿಲ್ಲ. ಮೂಡಲ್‌ನ ಈ ಫೋರಂಗೆ ಕೋರ್ಸಿನ ಎಲ್ಲರೂ ತಾವಾಗಿಯೇ ಚಂದಾದಾರರಾಗಿರುತ್ತಾರೆ, ಬರೆದದ್ದು ಇದ್ದ ಹಾಗೇ ಮೇಲ್‌ಗೆ ಹೋಗುತ್ತದೆ. ಹಾಕಿದ ತಕ್ಷಣ ಬರುವುದಿಲ್ಲ. ಬರೆದವರು ತಿದ್ದಿಕೊಳ್ಳಲಿ ಅಂತ ಸಾಮಾನ್ಯವಾಗಿ 30 ನಿಮಿಷ ತಡೆದು ಕಳಿಸುತ್ತದೆ. ಚರ್ಚೆಯ ಫೋರಂಗಳಿಂದ ಮೇಲ್ ರಾಶಿ ಬೀಳುತ್ತಿದ್ದರೆ ಪ್ರೊಫೈಲ್‌ನ ಫೋರಂ ಸೆಟ್ಟಿಂಗ್‌ನಲ್ಲಿ ಡೈಜೆಸ್ಟ್ ಆರಿಸಿಕೊಳ್ಳಿ, ಎಲ್ಲ ಸೇರಿ ದಿನಕ್ಕೊಂದು ಮೇಲ್ ಬರುತ್ತದೆ. ‘ಪೂರ್ತಿ’ ಅನ್ನುವ ಡೈಜೆಸ್ಟ್ ತೆಗೆದುಕೊಳ್ಳಿ. ‘ಬರೀ ವಿಷಯ’ ತೆಗೆದುಕೊಂಡರೆ ಮತ್ತೆ ಲಾಗಿನ್ ಆಗಬೇಕು.

ಒಟಿಪಿಗೂ ಒಂದು ದಾರಿ ಸಿಕ್ಕಿತು. ಇನ್ನೊಂದು ಕಂಪನಿಯ ಸಿಮ್ ಹಾಕಿಸಿಕೋ ಅಂತ ಮನೆಯಲ್ಲಿ ಹೇಳಿದರು. ಒಂದು ಒಟಿಪಿಗಾಗಿ ತಿಂಗಳು ತಿಂಗಳು ಎರಡೆರಡು ರೀಚಾರ್ಜ್ ನನಗೆ ಒಪ್ಪಿಗೆಯಾಗಲಿಲ್ಲ. ಮೂಡಲ್‌ನಲ್ಲಿ 2023ರ 4.3ನೇ ಆವೃತ್ತಿಯಿಂದ ಅಥೆಂಟಿಕೇಟರ್ ಆಪ್‌ನ ಅಂಕಿಯಿಂದಲೂ ಲಾಗಿನ್ ಆಗುವ ಸೌಲಭ್ಯ ಇದೆ, ಕಾಲೇಜಿನವರು ಅದನ್ನು ತೆರೆದುಕೊಡಬೇಕು ಅಷ್ಟೆ. ಅಥೆಂಟಿಕೇಟರ್‌ಗೆ ಸಿಗ್ನಲ್ಲೂ ಬೇಡ, ನೆಟ್ಟೂ ಬೇಡ. ಮೊದಲ ದಿನ ಒಂದು ಗುಟ್ಟಿನ ಕೀಲಿಯನ್ನು ಫೋನಿಗೆ ಸೇರಿಸಿಕೊಂಡರೆ, ಆ ಕೀಲಿ ಮತ್ತು ಗಡಿಯಾರ ನೋಡಿ ಫೋನೇ 30 ಸೆಕೆಂಡಿಗೊಂದು ಹೊಸ ಅಂಕಿ ತೋರಿಸುತ್ತದೆ. ಫೋನಿನ ಸಮಯ ಸರಿಯಾಗಿರಬೇಕು, ಇನ್ನೇನೂ ಬೇಡ. ಸಹಾಯ ವಿಭಾಗಕ್ಕೆ ಬರೆದು ಕೇಳಿದೆ, ಮಾಡಿಕೊಟ್ಟರು. ನಿಮ್ಮ ಕಾಲೇಜಿನಲ್ಲೂ ಕೇಳಿ, ದಯವಿಟ್ಟು ಕೇಳಿ. ರಾತ್ರಿ ಹೊತ್ತು ಧರೆ ಹತ್ತುವುದು ತಪ್ಪುತ್ತದೆ.

ಹಾಗಾದರೆ ಈಗ ಪೋರ್ಟಲ್ಲೇ ಸಾಕಲ್ಲ, ಜಿಮೇಲ್ ಯಾಕೆ? ಮರ ಬಿದ್ದು ಫೈಬರ್ ಕಡಿದುಹೋದರೆ ಪೋರ್ಟಲ್ ಬಾಗಿಲು ಮುಚ್ಚಿತು. ಒಮ್ಮೆ ಫೋನಿಗೆ ಇಳಿದ ಮೇಲ್ ಕರೆಂಟ್, ನೆಟ್ ಎರಡೂ ಇಲ್ಲದಾಗಲೂ ಓದಲಿಕ್ಕೆ ಸಿಗುತ್ತದೆ. ಜಿಮೇಲ್ ಆಪ್‌ನ ಸೆಟ್ಟಿಂಗ್‌ನಲ್ಲಿ ಎಷ್ಟು ದಿನದ ಮೇಲ್ ಸಿಂಕ್ ಆಗಬೇಕು ಅನ್ನುವುದನ್ನು ಹೆಚ್ಚಿಸಿಕೊಳ್ಳಿ. ಜೊತೆಗೆ ಬಂದ ಪಿಡಿಎಫ್‌ಗಳನ್ನು ನೆಟ್ ಇರುವಾಗಲೇ ಇಳಿಸಿಟ್ಟುಕೊಳ್ಳಿ, ತಾವಾಗಿ ಇಳಿದಿರುತ್ತವೆ ಅಂತ ನೆಚ್ಚಬೇಡಿ.

ನಾನು ಒಂದೊಂದು ವಿಷಯಕ್ಕೆ ಒಂದೊಂದು ಲೇಬಲ್ ಮಾಡಿ, ಬಂದ ಮೇಲ್ ನೇರ ಅದರೊಳಗೆ ಹೋಗುವ ಹಾಗೆ ಫಿಲ್ಟರ್ ಹಾಕಿದ್ದೇನೆ. ಫಿಲ್ಟರ್ ಮಾಡುವಾಗ ‘ಸ್ಪ್ಯಾಮ್‌ಗೆ ಕಳಿಸಬೇಡ’ ಅನ್ನುವುದಕ್ಕೂ ಟಿಕ್ ಹಾಕಿ. ಸ್ಪ್ಯಾಮ್‌ಗೆ ಬಿದ್ದದ್ದು 30 ದಿನಕ್ಕೆ ಅಳಿಸಿಹೋಗುತ್ತದೆ. ಫಿಲ್ಟರ್ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಮಾಡಬೇಕು, ಫೋನಿನ ಆಪ್‌ನಲ್ಲಿ ಅದಿಲ್ಲ. ಇನ್ನೊಂದು, ಒಂದೇ ತಲೆಬರಹದ ಮೇಲ್‌ಗಳು ಒಂದರ ಕೆಳಗೊಂದು ಗಂಟು ಕಟ್ಟಿಕೊಳ್ಳುತ್ತವೆ. ‘ಅಸೈನ್‌ಮೆಂಟ್ ಸೂಚನೆ’ ಅಂತ ಪ್ರತಿ ಸಲ ಅದೇ ತಲೆಬರಹ ಬರುವವರು ಸೆಟ್ಟಿಂಗ್‌ನಲ್ಲಿ ಕಾನ್ವರ್ಸೇಶನ್ ವ್ಯೂ ಆಫ್ ಮಾಡಿಬಿಡುವುದು ಒಳ್ಳೆಯದು.

ಮೂಡಲ್ ಆಪ್ ಪಾಠ ಓದಲು ಜಿಮೇಲ್‌ಗಿಂತ ಮೇಲು, ಇದರಲ್ಲಿ ಎರಡು ಮಾತಿಲ್ಲ. ಒಂದು ಸಲ ಲಾಗಿನ್ ಆದರೆ ಪದೇ ಪದೇ ಕೇಳುವುದಿಲ್ಲ. ಕೋರ್ಸಿನ ಫೈಲ್‌ಗಳನ್ನು ಒಟ್ಟಿಗೆ ಇಳಿಸಿಕೊಂಡು ಆಫ್‌ಲೈನ್‌ನಲ್ಲಿ ಓದಬಹುದು. ಯೂಟ್ಯೂಬ್ ಲಿಂಕ್ ಕೊಟ್ಟಿರುವ ವಿಡಿಯೊಗಳು ಮಾತ್ರ ಇಳಿಯುವುದಿಲ್ಲ. ಆದರೆ ನಮ್ಮ ಕಾಲೇಜಿನ ಆ ನೋಟಿಸ್ ಆಪ್‌ನಲ್ಲಿ ಕಾಣುವುದೇ ಇಲ್ಲವಾದ್ದರಿಂದ ಆಪ್ ಒಂದನ್ನೇ ನಂಬಿ ಕೂರುವ ಹಾಗಿಲ್ಲ.

ಕ್ಯಾಲೆಂಡರ್: ಪೋರ್ಟಲ್‌ನ ಕ್ಯಾಲೆಂಡರ್ ಲಿಂಕನ್ನು ಗೂಗಲ್ ಕ್ಯಾಲೆಂಡರ್‌ಗೆ ಸೇರಿಸಬಹುದು. ಬದಲಾದ ತಾರೀಖು ಅಲ್ಲಿ ತಡವಾಗಿ ಕಾಣಿಸಿಕೊಳ್ಳುತ್ತದೆ, ಕೊನೇ ಗಳಿಗೆಗೆ ಅದನ್ನು ನೆಚ್ಚಬೇಡಿ.

ಖರ್ಚಿನ ಲೆಕ್ಕದಲ್ಲಿ ಮೂರೂ ಪುಕ್ಕಟೆ. ನಾನು ಕೈಯಿಂದ ಹಾಕಿದ್ದು ರೌಟರ್‌ಗೆ ಒಂದು ಚಿಕ್ಕ ಯುಪಿಎಸ್ ಮಾತ್ರ, ಎರಡನೇ ಸಿಮ್‌ನ ರೀಚಾರ್ಜ್‌ಗಿಂತ ಅದು ಎಷ್ಟೋ ವಾಸಿ. ನನ್ನ ಹಾಗೆ ಹಗಲು ದುಡಿದು, ರಾತ್ರಿ ಓದಿ, ಅಡಿಕೆ ಸುಲಿಯುವ ಕಾಲದಲ್ಲಿ ನಿದ್ದೆಗೂ ಸಮಯವಿಲ್ಲದವರು ಸೂಚನೆಗೆ ಜಿಮೇಲ್, ಪಾಠಕ್ಕೆ ಆಪ್ ಇಟ್ಟುಕೊಳ್ಳಿ. ಪೋರ್ಟಲ್ ತೆರೆಯುವುದು ಫೈಲ್ ಹಾಕುವ ದಿನ ಸಾಕು. ಶಿವಮೊಗ್ಗ ಪೇಟೆಯಲ್ಲಿ ರೂಮ್ ಮಾಡಿಕೊಂಡಿರುವ ನನ್ನ ತಂಗಿಗೆ ಫೋನ್ ತುಂಬ ಸಿಗ್ನಲ್, ಲ್ಯಾಪ್‌ಟಾಪ್ ಸದಾ ಎದುರಿಗೆ. ಅವಳಿಗೆ ಪೋರ್ಟಲ್ಲೇ ಇಷ್ಟ, ಅವಳಿರುವ ಜಾಗಕ್ಕೆ ಅದು ಸರಿಯೇ.