ಮಡಿಕೇರಿ ಮಳೆಗೆ ಯಾವ ಫ್ಯೂಶಿಯಾ: ಸ್ವಿಂಗ್‌ಟೈಮಾ, ಗಾರ್ಟನ್‌ಮೈಸ್ಟರ್ರಾ?
ಫ್ಯೂಶಿಯಾ ಎಂಬ ಹೂಗಿಡಕ್ಕೆ ಮಡಿಕೇರಿಯ ತಂಪು ಹೇಳಿ ಮಾಡಿಸಿದ್ದು ಅಂತಾರೆ. ತಂಪೇನೋ ಸರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ಕಥೆ? ಎರಡು ತಳಿಗಳನ್ನು ಅಕ್ಕಪಕ್ಕ ಬೆಳೆಸಿದ ಮೇಲೆ ನನ್ನ ಓಟು ಗಾರ್ಟನ್‌ಮೈಸ್ಟರ್ ಬಾನ್‌ಸ್ಟೆಟ್‌ಗೆ.

ನೋಟಕ್ಕೆ ಸ್ವಿಂಗ್‌ಟೈಮೇ ಮುಂದು, ಎರಡು ಮಾತಿಲ್ಲ. ಹೊರಗೆ ಕೆಂಪು ಎಸಳು, ಒಳಗೆ ಲಂಗದ ನೆರಿಗೆಯ ಹಾಗೆ ಒತ್ತೊತ್ತಾದ ಬಿಳಿ ಎಸಳು. ಕೊಂಬೆಗಳು ಜೋತು ಬೀಳುವುದರಿಂದ ತೂಗುಕುಂಡಕ್ಕೆ ಚೆಂದ. ಆದರೆ ಆ ನೆರಿಗೆಯೇ ಮಳೆಗಾಲದಲ್ಲಿ ಶತ್ರು. ನೀರು ಹಿಡಿದು ಹೂ ಭಾರವಾಗುತ್ತದೆ, ಅಂಚು ಕಂದಾಗಿ ಕೊಳೆಯುತ್ತದೆ. ಸೂರಿನಡಿ ಇಟ್ಟರಷ್ಟೇ ಉಳಿವು. ಬೇಸಿಗೆಯಲ್ಲಿ 30 ಡಿಗ್ರಿ ಹತ್ತಿರ ಬಂತೆಂದರೆ ಮೊಗ್ಗು ಉದುರಿಸುತ್ತದೆ. ತೂಗುಕುಂಡ ಬೇರೆ ಬೇಗ ಒಣಗುತ್ತದೆ, ದಿನಾ ನೋಡಬೇಕು.

ಗಾರ್ಟನ್‌ಮೈಸ್ಟರ್ 1905ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ತಳಿ. ಆದರೆ ಅದರ ಮೂಲ ಕೆರಿಬಿಯನ್ ಕಡೆಯ ಟ್ರೈಫಿಲ್ಲಾ ಜಾತಿ. ಸೆಕೆ ತಡೆಯುವ ಗುಣ ಅಲ್ಲಿಂದಲೇ ಬಂದಿದ್ದು. ಕಡುಚಳಿಗೆ, ಹಿಮಕ್ಕೆ ಅಂಜುತ್ತದೆ, ಆದರೆ ನಮ್ಮಲ್ಲಿ ಆ ಭಯವಿಲ್ಲ. ನೆಟ್ಟಗೆ ಬೆಳೆಯುತ್ತದೆ, ಎಲೆ ಕಡುಹಸಿರು, ಕೆಳಗೆ ನೇರಳೆ ಛಾಯೆ. ಕಿತ್ತಳೆ-ಕೆಂಪಿನ ಉದ್ದ ಹೂ ಗೊಂಚಲು ಕೊಂಬೆ ತುದಿಯಲ್ಲಿ ಬಿಡುತ್ತದೆ, ಮಳೆ ಜಾರಿ ಹೋಗುತ್ತದೆ. ಸೂರಕ್ಕಿಗಳೂ ಇದನ್ನೇ ಹುಡುಕಿ ಬರುತ್ತವೆ. ಒಂದೇ ತಕರಾರು: ಹೂ ತುದಿಯಲ್ಲೇ ಬಿಡುವುದರಿಂದ, ಕುಡಿ ಚಿವುಟಿದರೆ ಹೂವಿಗೆ ಸ್ವಲ್ಪ ಜಾಸ್ತಿ ಕಾಯಬೇಕು. ಚಿವುಟದಿದ್ದರೆ ಸುಮ್ನೆ ಉದ್ದಕ್ಕೆ ಹೋಗುತ್ತದೆ.

ನೆಲದಲ್ಲೋ ಕುಂಡದಲ್ಲೋ? ಗಾರ್ಟನ್‌ಮೈಸ್ಟರ್‌ನ್ನು ಮರದ ನೆರಳಲ್ಲಿ, ಎತ್ತರ ಮಾಡಿದ ಮಡಿಯಲ್ಲಿ ನೆಡಬಹುದು. ಸ್ವಿಂಗ್‌ಟೈಮ್‌ಗೆ ಕುಂಡವೇ ಗತಿ. ಕುಂಡಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರದ ಜೊತೆ ಸಣ್ಣ ಜಲ್ಲಿಯನ್ನೂ ಧಾರಾಳವಾಗಿ ಸೇರಿಸಿ.

ಎರಡಕ್ಕೂ ಅನ್ವಯಿಸುವ ಮಾತು ಒಂದಿದೆ. ಮಧ್ಯಾಹ್ನ ಎಲೆ ಬಾಡಿದರೆ ತಕ್ಷಣ ಚೊಂಬು ಎತ್ತಬೇಡಿ. ಮಣ್ಣಿಗೆ ಬೆರಳು ಹಾಕಿ. ಒದ್ದೆ ಇದ್ದರೆ ಬಿಸಿಲಿಗೆ ಬಾಡಿದ್ದು ಇರಬಹುದು, ನೆರಳಿಗೆ ಸರಿಸಿ. ಸಂಜೆಗೆ ಎಲೆ ಎದ್ದರೆ ಸರಿ. ಏಳದಿದ್ದರೆ ಬೇರು ಕೊಳೆಯುತ್ತಿದೆ ಅಂತ ಅನುಮಾನ ಪಡಬೇಕು. ಇನ್ನಷ್ಟು ನೀರು ಹಾಕಿದರೆ ಗಿಡ ಹೋದಂತೆಯೇ.

ನಮ್ಮತ್ತೆ ಮಾತ್ರ ಈಗಲೂ ಸ್ವಿಂಗ್‌ಟೈಮ್ ಪಕ್ಷ. ಜಗಲಿಯ ಕೊಕ್ಕೆ ಅವರದು, ಅಂಗಳದ ಮಡಿ ನನ್ನದು.