ಹೊಲಿಗೆ ಮಷೀನ್ ಪಕ್ಕಕ್ಕೆ ಒಂದು ಹಳೇ ನೋಕಿಯಾ 5800

ಹಾಡು ಕೇಳುವುದಕ್ಕೇ ಒಂದು ಅಗ್ಗದ ಟಚ್ ಫೋನ್ ಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಹೆಸರು, ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್. ಅದೂ ಸೆಕೆಂಡ್ ಹ್ಯಾಂಡ್. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಕೈಗೆ ಪುರುಸೊತ್ತೇ ಇರಲ್ಲ, ಕಿವಿಗೆ ಮಾತ್ರ ಇಡೀ ದಿನ ಬಿಡುವು. ಮಾತಾಡುವ ಫೋನ್ ಬೇರೆ ಇದೆ, ಅದು ಡ್ರಾಯರ್‌ನಲ್ಲಿ ಇರುತ್ತದೆ. ಮಷೀನ್ ಪಕ್ಕದಲ್ಲಿ ಇರುವುದು ಇದು.

2008ರ ಅಕ್ಟೋಬರ್‌ನಲ್ಲಿ ನೋಕಿಯಾ ಇದನ್ನು ತೋರಿಸಿದಾಗ ಎಸ್60 ಅನ್ನುವ ಸಾಫ್ಟ್‌ವೇರ್ ಇದ್ದ ಅವರ ಫೋನ್‌ಗಳಲ್ಲಿ ಇದೇ ಮೊದಲ ಟಚ್ ಫೋನ್. ಮುಂದಿನ ವರ್ಷ ನಮ್ಮಲ್ಲಿಗೆ ಬಂತು, ಬೆಲೆ 22 ಸಾವಿರದ ಹತ್ತಿರ. ಆಗ 8 ಜಿಬಿ ಐಫೋನ್ 3ಜಿಗೆ 31 ಸಾವಿರ ಇತ್ತು. ಹಾಗೆ ನೋಡಿದರೆ ಇದೇ ಅಗ್ಗ. ಈಗಂತೂ ಒಂದು ರೇಷ್ಮೆ ಬ್ಲೌಸ್‌ನ ಕೂಲಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ನಾನು ನ್ಯಾಷನಲ್ ಮಾರ್ಕೆಟ್‌ನಲ್ಲಿ ತಗೊಂಡೆ. ಅಂಗಡಿ ಹುಡುಗ, "ಅಕ್ಕಾ, ಇದರಲ್ಲಿ ವಾಟ್ಸಾಪ್ ಬರಲ್ಲ, ಜಿಯೋ ಸಿಮ್ಮೂ ನಡೆಯಲ್ಲ, ಯಾಕೆ ಸುಮ್ನೆ ದುಡ್ಡು ಹಾಕ್ತೀರಾ?" ಅಂದ. ಎರಡೂ ನಿಜವೇ. ಈ ಜಾತಿಯ ಫೋನ್‌ಗಳನ್ನು ವಾಟ್ಸಾಪ್ 2017ರಲ್ಲೇ ಕೈಬಿಟ್ಟಿತು. ನನಗೆ ಅದೇ ಬೇಕಾಗಿದ್ದದ್ದು. "ಬ್ಲೌಸ್ ರೆಡಿನಾ?" ಅಂತ ಯಾರೂ ಹಾಡಿನ ಮಧ್ಯೆ ಬಂದು ಕೇಳಲ್ಲ.

ಇದರ ಟಚ್ ಬಗ್ಗೆ ಎಲ್ಲರೂ ಬೈಯುತ್ತಾರೆ. ಇದು ಒತ್ತಿದರೆ ಮಾತ್ರ ಕೇಳುವ ಪರದೆ, ಈಗಿನ ಫೋನ್‌ನಂತೆ ಬೆರಳು ಸೋಕಿದರೆ ಸಾಲದು. ಆದರೆ ಒತ್ತುವುದು ಬೆರಳೇ ಆಗಬೇಕು ಅಂತ ಇದಕ್ಕಿಲ್ಲ. ಅಂಗುಸ್ತಾನ ಹಾಕಿದ ಬೆರಳಲ್ಲೇ ಹಾಡು ಬದಲಾಯಿಸುತ್ತೇನೆ. ಉಗುರು ಆಗುತ್ತದೆ, ಚಾಕ್ ತುದಿ ಆಗುತ್ತದೆ, ಕೈ ಒದ್ದೆ ಇದ್ದರೂ ಆಗುತ್ತದೆ. ನನ್ನ ಹೊಸ ಫೋನ್ ಅಂಗುಸ್ತಾನಕ್ಕೆ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಗೀರು ಬೀಳದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಳ್ಳಿ, ಅಷ್ಟೇ. ಪರದೆ 3.2 ಇಂಚು. ಕೆಳಗೆ ಮೂರು ಗುಂಡಿ. ಮೇಲೆ ಬಲಮೂಲೆಯಲ್ಲಿ ಒಂದು ಚಿಕ್ಕ ಗುರುತು ಇದೆ, ಅದನ್ನು ಮುಟ್ಟಿದರೆ ಎಲ್ಲಿದ್ದರೂ ಹಾಡಿನ ಪಟ್ಟಿಗೆ ದಾರಿ ಸಿಗುತ್ತದೆ. ಇಂಥ ಗುಂಡಿಯನ್ನು ಈಗ ಯಾರೂ ಯಾಕೆ ಕೊಡುವುದಿಲ್ಲವೋ!

ಇನ್ನು ದನಿ. ಎರಡು ಸ್ಪೀಕರ್, ಎರಡೂ ಎಡಗಡೆಯ ಅಂಚಿನಲ್ಲಿವೆ. ಮೇಜಿನ ಮೇಲೆ ಸುಮ್ನೆ ಮಲಗಿಸಿದರೆ ಹಾಡು ಆ ಕಡೆಗೇ ಹೋಗುತ್ತದೆ. ದಾರದ ಡಬ್ಬಕ್ಕೆ ಒರಗಿಸಿ, ಎಡ ಅಂಚು ನನ್ನ ಕಡೆ ಬರುವ ಹಾಗೆ ಇಡುತ್ತೇನೆ. ಮಷೀನ್ ಸದ್ದಿನ ಮೇಲೂ ಗಾಯಕರ ಮಾತು ಸ್ಪಷ್ಟವಾಗಿ ಕೇಳುತ್ತದೆ. ಭಾವಗೀತೆಗೆ ಚೆನ್ನ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದರೆ ತಾನ ನುಡಿಸುವಾಗ ಮೀಟು ಮೀಟೂ ಬೇರೆ ಬೇರೆ ಕೇಳುತ್ತದೆ. ಆದರೆ ಮೃದಂಗದ ಎಡಗೈ ನಾದ ಸ್ಪೀಕರ್‌ನಲ್ಲಿ ಇಲ್ಲವೇ ಇಲ್ಲ, ಬರೀ ಬಲಗೈ ಟಕಟಕ. ಕಛೇರಿಯಲ್ಲಿ ಮೃದಂಗದವರೇ ನುಡಿಸುವ ತನಿ ಆವರ್ತನ ಇದರಲ್ಲಿ ಕೇಳಲೇಬೇಡಿ. ಪೂರ್ತಿ ವಾಲ್ಯೂಮ್ ಕೊಟ್ಟರೆ ನಾಗಸ್ವರ ಕಿರುಚುತ್ತದೆ, ಎರಡು ಮೆಟ್ಟಿಲು ಇಳಿಸಿದರೆ ಸರಿ.

ಇಯರ್‌ಫೋನ್ ಹಾಕಿದರೆ ಮೃದಂಗ ವಾಪಸ್ ಬರುತ್ತದೆ. 3.5 ಮಿ.ಮೀ. ಜಾಕ್ ಇದೆ, ಯಾವ ಇಯರ್‌ಫೋನ್ ಆದರೂ ಸೇರುತ್ತದೆ. ಹೊಸದಾಗಿ ಬಂದಾಗ ಡಬ್ಬದಲ್ಲಿ ಒಂದು ವೈರಿನ ರಿಮೋಟ್ ಕೊಡುತ್ತಿದ್ದರು. ನಮ್ಮದೇ ಇಯರ್‌ಫೋನನ್ನು ಅದರ ತುದಿಗೆ ಚುಚ್ಚಿ, ರಿಮೋಟನ್ನು ಸೆರಗಿಗೆ ಸಿಕ್ಕಿಸಿಕೊಂಡರೆ ಫೋನ್ ಮುಟ್ಟುವ ಕೆಲಸವೇ ಇಲ್ಲ. ಹೆಮ್ಮಿಂಗ್ ಮಾಡುತ್ತಾ ಕೂತಾಗ ಇದಕ್ಕಿಂತ ಸುಖ ಇನ್ನೊಂದಿಲ್ಲ.

ರೇಡಿಯೋಗೂ ಇಯರ್‌ಫೋನ್ ವೈರೇ ಆಂಟೆನಾ. ಅದನ್ನು ಕಿಟಕಿ ಸರಳಿಗೆ ನೇತುಹಾಕಿ, ದನಿಯನ್ನು ಸ್ಪೀಕರ್‌ಗೆ ತಿರುಗಿಸಿದರೆ 100.1ರಲ್ಲಿ ಅಮೃತವರ್ಷಿಣಿ, 102.9ರಲ್ಲಿ ವಿವಿಧ ಭಾರತಿ. ನೆಟ್ ಬೇಡ, ರೀಚಾರ್ಜ್ ಬೇಡ. ಮಧ್ಯಾಹ್ನದ ಮೇಲೆ ನನ್ನ ಅಂಗಡಿಯಲ್ಲಿ ನಡೆಯುವುದು ಇದೇ.

ಹಾಡು ತುಂಬಲು 8 ಜಿಬಿ ಕಾರ್ಡ್ ಜೊತೆಗೇ ಬರುತ್ತಿತ್ತು, 16 ಜಿಬಿ ತನಕ ಹಾಕಬಹುದು. ಸಾಮಾನ್ಯ ಎಂಪಿ3 ಆದರೆ 8 ಜಿಬಿಗೇ ಸುಮಾರು ಎರಡು ಸಾವಿರ ಹಾಡು ಹಿಡಿಯುತ್ತದೆ. ದನಿ ಒಂದಿಷ್ಟೂ ಕೆಡದ ಹಾಗೆ ಇಡುವ ದೊಡ್ಡ ಫ್ಲ್ಯಾಕ್ ಫೈಲ್ ಓಡುವುದಿಲ್ಲ. ಕನ್ನಡದಲ್ಲಿ ಬರೆದ ಹಾಡಿನ ಹೆಸರು ನನ್ನ ಫೋನ್‌ನಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಮಗಳು ಒಂದು ಭಾನುವಾರ ಪೂರ್ತಿ ಕೂತು ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದಳು, ಬೈದುಕೊಂಡೇ.

ಬೇಜಾರಿನ ವಿಷಯವೂ ಇವೆ. ಪಟ್ಟಿಯಲ್ಲಿ ಹಾಡನ್ನು ಒಮ್ಮೆ ಒತ್ತಿದರೆ ಬರೀ ಗುರುತಾಗುತ್ತದೆ, ಇನ್ನೊಮ್ಮೆ ಒತ್ತಬೇಕು. ಮೆನು ಚಿತ್ರಗಳಿಗೆ ಮಾತ್ರ ಒಂದೇ ಸಲ ಸಾಕು. ಇದು ಯಾವ ನ್ಯಾಯ ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಕಾರ್ಡ್‌ಗೆ ಹೊಸ ಹಾಡು ಹಾಕಿದ ಮೇಲೆ ಪಟ್ಟಿ ಸಿದ್ಧವಾಗಲು ತುಂಬಾ ಹೊತ್ತು ತಗೊಳ್ಳುತ್ತದೆ. 434 ಮೆಗಾಹರ್ಟ್ಜ್ ಪ್ರೊಸೆಸರ್, 128 ಎಂಬಿ ರ‍್ಯಾಮ್, ಇನ್ನೇನು ಮಾಡೀತು ಪಾಪ. ಯುಎಸ್‌ಬಿ ವೈರ್‌ನಿಂದ ಚಾರ್ಜ್ ಆಗಲ್ಲ, ಹಳೇ ಸಣ್ಣ ಪಿನ್ ಚಾರ್ಜರೇ ಬೇಕು. ಸಿಮ್ ತೆಗೆಯಬೇಕಾದರೆ ಬ್ಯಾಟರಿ ಬಿಚ್ಚಿ ಒಳಗಿಂದ ಕಡ್ಡಿಯಲ್ಲಿ ತಳ್ಳಬೇಕು. ನನ್ನ ಹಾಗೆ ಸಿಮ್ ಇಲ್ಲದೆ ಇಟ್ಟುಕೊಳ್ಳುವವರಿಗೆ ಆ ತಲೆನೋವಿಲ್ಲ.

ಬ್ಯಾಟರಿ ಬಿಎಲ್-5ಜೆ. ನೋಕಿಯಾದ 5233, ಲೂಮಿಯಾ 520 ಫೋನ್‌ಗಳಿಗೂ ಇದೇ ಹಾಕಿದ್ದರಿಂದ ಇವತ್ತೂ ಸಿಗುತ್ತದೆ. ಹಾಡಿಗೆ 35 ಗಂಟೆ ಅಂತ ಕಂಪನಿ ಹೇಳುತ್ತಿತ್ತು. ಅದು ಇಯರ್‌ಫೋನ್ ಲೆಕ್ಕ ಇರಬೇಕು. ನಾನು ಸ್ಪೀಕರ್‌ನಲ್ಲಿ ದಿನವಿಡೀ ಕೇಳಿ ರಾತ್ರಿ ಚಾರ್ಜ್‌ಗೆ ಹಾಕುತ್ತೇನೆ.

ತಗೊಳ್ಳುವಾಗ ಪರದೆಯ ನಾಲ್ಕೂ ಮೂಲೆ ಒತ್ತಿ ನೋಡಿ. ಬಲಪಕ್ಕದ ಲಾಕ್ ಗುಂಡಿ ಸಡಿಲ ಆಗಿರಬಾರದು. ನಿಮ್ಮದೇ ಇಯರ್‌ಫೋನ್ ಜೊತೆಗೆ ಒಯ್ದು ಎರಡೂ ಕಿವಿಗೆ ದನಿ ಬರುತ್ತದಾ ಅಂತ ಅಲ್ಲೇ ಕೇಳಿ. ರಿಮೋಟ್ ಸಿಕ್ಕರೆ ನೂರು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಇಲ್ಲ ಅಂದರೆ ಚೌಕಾಸಿ ಮಾಡಿ.