ತಟ್ಟೆ ಸಮ ಮಾಡದೆ ತೂಗಿಸಿಕೊಂಡ ಹೆಡ್‌ಫೋನ್

ಬರುವ ಭಾನುವಾರ ಚಿತ್ರದುರ್ಗದ ಕೆಲವು ಗೆಳೆಯರು ಒಬ್ಬರ ಮನೆಯಲ್ಲಿ ಸೇರಿ ಹೆಡ್‌ಫೋನ್‌ಗಳನ್ನು ಹೋಲಿಸಿ ಕೇಳುತ್ತಾರೆ ಎಂದು ಗೊತ್ತಾಯಿತು. ಬೆಂಗಳೂರಿನಿಂದ ಒಬ್ಬರು ದುಬಾರಿ ಹೆಡ್‌ಫೋನ್ ತರುತ್ತಾರಂತೆ. ಯಾರಿಗಾದರೂ ಇಷ್ಟವಾದರೆ ಅಲ್ಲೇ ಕೊಟ್ಟು ಹೋಗುತ್ತಾರಂತೆ. ಈ ಎರಡನೆಯ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಬರುವವರು ನನಗೆ ಹೆಡ್‌ಫೋನ್ ಮಾರಿದವರೇ ಹೌದೋ ಅಲ್ಲವೋ ನಾನು ಹೇಳಲಾರೆ. ನನಗೆ ಆದದ್ದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಾನು ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ವ್ಯಾಪಾರ. ತೇವಾಂಶದ ಮೀಟರ್ ಇಟ್ಟು ನೋಡದೆ ನಮ್ಮಲ್ಲಿ ಒಂದು ಚೀಲವೂ ಕೆಳಗಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನು 68 ಸಾವಿರ ರೂಪಾಯಿಯ ವಸ್ತುವನ್ನು ಮೀಟರ್ ಇಡದೆ ಇಳಿಸಿಕೊಂಡೆ. ಈ ಮಾತನ್ನು ಮನೆಯಲ್ಲಿ ನನಗಿಂತ ಮೊದಲು ನನ್ನ ಹೆಂಡತಿಯೇ ಹೇಳಿಯಾಗಿದೆ.

ವಿದ್ಯಾನಗರದಲ್ಲಿರುವ ಗೆಳೆಯರೊಬ್ಬರ ಮನೆಯ ಮಾಳಿಗೆ ನಮ್ಮ ಅಡ್ಡಾ. ಐದಾರು ಜನ, ಎಲ್ಲರಿಗೂ ಒಂದೇ ಹುಚ್ಚು. ಬೆಳಿಗ್ಗೆ ಬೆಣ್ಣೆ ದೋಸೆ ಮುಗಿಸಿ ಕೈಯ ಜಿಡ್ಡನ್ನು ಸೋಪು ಹಚ್ಚಿ ತೊಳೆದುಕೊಂಡೇ ಮೇಲೆ ಹತ್ತಬೇಕು ಎಂಬುದೊಂದೇ ನಿಯಮ, ಏಕೆಂದರೆ ಬೆಣ್ಣೆಯ ಕೈ ಇಯರ್ ಪ್ಯಾಡಿಗೆ ತಾಗಿದರೆ ಆ ವಾಸನೆ ಹೋಗುವುದಿಲ್ಲ. ಆ ಗೆಳೆಯರ ಹತ್ತಿರ ಒಳ್ಳೆಯ ಆಂಪ್ಲಿಫೈಯರ್ ಇದೆ. ನನ್ನ ಬಳಿ ಇರುವುದು ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಮಾರುಕಟ್ಟೆಗೆ ಬಂದ, ಇಂದಿಗೂ ಹೋಲಿಕೆಗೆ ಅಳತೆಗೋಲಿನಂತೆ ಇಟ್ಟುಕೊಳ್ಳುವ ಮಾದರಿ. ಹಿಂದೂಸ್ತಾನಿ ಗಾಯನ ಕೇಳುವ ನನಗೆ ಮನುಷ್ಯರ ಕಂಠ ಕಂಠದಂತೆ ಕೇಳಿದರೆ ಸಾಕಿತ್ತು. ಸಾಕಿತ್ತು ಎಂದು ಈಗ ಹೇಳುತ್ತಿದ್ದೇನೆ.

ಕಳೆದ ವರ್ಷ ಪರಿಚಿತರೊಬ್ಬರ ಮೂಲಕ ಆ ಮಹಾಶಯರು ಮಾಳಿಗೆಗೆ ಬಂದರು. ಹೆಸರು ಬರೆಯುವುದಿಲ್ಲ. ತಂದದ್ದು ಪ್ಲೇನಾರ್ ಜಾತಿಯ ಹೆಡ್‌ಫೋನ್. ಸಾಮಾನ್ಯ ಹೆಡ್‌ಫೋನಿನಲ್ಲಿ ಸುರುಳಿ ಅಂಟಿಸಿದ ಪುಟ್ಟ ಶಂಕು ಅಲುಗಾಡುತ್ತದೆ. ಇದರಲ್ಲಿ ಅಯಸ್ಕಾಂತಗಳ ನಡುವೆ ಬಿಗಿದ ತೆಳುವಾದ ಹಾಳೆಯೇ ಪೂರ್ತಿಯಾಗಿ ಕಂಪಿಸುತ್ತದೆ. ಅದನ್ನು ತಯಾರಿಸಿದವರ ತಪ್ಪೇನೂ ಇಲ್ಲದ ಕಾರಣ ಅದರ ಹೆಸರೂ ಬೇಡ. ಹೊಸದಾದರೆ ಒಂದೂವರೆ ಲಕ್ಷಕ್ಕೂ ಮೇಲೆ. ಕಪ್ಪು ಚರ್ಮದ ಪೆಟ್ಟಿಗೆ, ಒಳಗೆ ಮೆತ್ತನೆಯ ಬಟ್ಟೆ. ಪೆಟ್ಟಿಗೆ ತೆರೆಯುವಾಗ ಯಾರೂ ಮಾತನಾಡಲಿಲ್ಲ, ಒಡವೆ ಅಂಗಡಿಯಲ್ಲಿ ಕೂತಂತಿತ್ತು.

"ಸರ್, ನೀವೇ ಕಣ್ಣಾರೆ ನೋಡಿ, ವಾಲ್ಯೂಮ್ ಗುಂಡಿ ಹತ್ತು ಗಂಟೆಯ ಜಾಗದಲ್ಲಿದೆ. ನಾನು ಮುಟ್ಟುವುದಿಲ್ಲ. ಎರಡಕ್ಕೂ ಒಂದೇ ಅಳತೆ" ಎಂದರು. ಎಷ್ಟು ಪ್ರಾಮಾಣಿಕ ಮನುಷ್ಯ ಎಂದುಕೊಂಡೆ. ಮೋಸ ಇದ್ದದ್ದೇ ಆ ಮಾತಿನಲ್ಲಿ.

ನನ್ನ ಹೆಡ್‌ಫೋನ್ ಆಂಪ್ಲಿಫೈಯರಿನ ಸಾಮಾನ್ಯ ದಪ್ಪ ಜ್ಯಾಕಿನಲ್ಲಿತ್ತು. ಅವರದನ್ನು ಪಕ್ಕದ ಬ್ಯಾಲೆನ್ಸ್ಡ್ ಜ್ಯಾಕಿಗೆ, ಅಂದರೆ ಎಡ-ಬಲಕ್ಕೆ ಪ್ರತ್ಯೇಕ ಜೋಡಿ ತಂತಿ ಇರುವ ಜ್ಯಾಕಿಗೆ, ಹಾಕಿದರು. ಹೆಚ್ಚಿನ ಆಂಪ್ಲಿಫೈಯರ್‌ಗಳಲ್ಲಿ ಬ್ಯಾಲೆನ್ಸ್ಡ್ ಜ್ಯಾಕಿಗೆ ಬರುವ ವೋಲ್ಟೇಜ್ ಇನ್ನೊಂದರ ಎರಡರಷ್ಟಿರುತ್ತದೆ. ವೋಲ್ಟೇಜ್ ಇಮ್ಮಡಿಯಾದರೆ ಶಬ್ದ 6 ಡೆಸಿಬೆಲ್ ಏರುತ್ತದೆ. ಗುಂಡಿ ಅಲ್ಲೇ ಇರುತ್ತದೆ, ಶಬ್ದ ಮಾತ್ರ ಅಲ್ಲೇ ಇರುವುದಿಲ್ಲ. ಅಷ್ಟೇ ಅಲ್ಲ, ಒಂದೇ ವೋಲ್ಟೇಜ್ ಕೊಟ್ಟರೂ ಒಂದೊಂದು ಹೆಡ್‌ಫೋನ್ ಒಂದೊಂದು ಪ್ರಮಾಣದಲ್ಲಿ ಸದ್ದು ಮಾಡುತ್ತದೆ. ಆದ್ದರಿಂದ ಗುಂಡಿಯ ಜಾಗ ಒಂದೇ ಎಂಬುದಕ್ಕೆ ಯಾವ ಅರ್ಥವೂ ಇಲ್ಲ. ಚೀಲದ ಎತ್ತರ ಒಂದೇ ಇದೆ, ಆದ್ದರಿಂದ ತೂಕವೂ ಒಂದೇ ಎಂದ ಹಾಗೆ.

ಸ್ವಲ್ಪ ಜೋರಾಗಿದ್ದರೆ ಏನಾಯಿತು, ಕಿವಿಗೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ನನಗೂ ಅದೇ ಧೈರ್ಯವಿತ್ತು. ಆದರೆ ನಮ್ಮ ಕಿವಿಯ ಸ್ವಭಾವವೇ ಬೇರೆ. ಶಬ್ದ ಸಣ್ಣದಿದ್ದಾಗ ಕೆಳಗಿನ ಸ್ವರಗಳು ಕಿವಿಗೆ ಕಡಿಮೆ ಕೇಳಿಸುತ್ತವೆ, ಶಬ್ದ ಏರಿದಂತೆ ತುಂಬಿಕೊಳ್ಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಅಮೆರಿಕದಲ್ಲಿ ಇದನ್ನು ಅಳೆದು 1933ರಲ್ಲೇ ರೇಖೆ ಎಳೆದು ತೋರಿಸಿದ್ದಾರೆ. ಹೀಗಾಗಿ ಅದೇ ಹಾಡನ್ನು ಒಂದಿಷ್ಟು ಜೋರಾಗಿ ಕೇಳಿದವನಿಗೆ 'ಜೋರಾಯಿತು' ಎನ್ನಿಸುವುದಕ್ಕಿಂತ 'ತುಂಬಿ ಬಂತು', 'ತಬಲಾದ ಬಾಯಾ ಎದೆಗೆ ಬಡಿಯಿತು', 'ತಂಬೂರಿ ಕೋಣೆ ತುಂಬಿತು' ಎನ್ನಿಸುತ್ತದೆ. ಈ ಮೂರೂ ಮಾತುಗಳನ್ನು ಅಂದು ನಾನೇ ಆಡಿದ್ದು. ಸಾಲದ್ದಕ್ಕೆ "ಮೇಲಿನ ಸ್ವರಗಳಲ್ಲಿ ಗಾಳಿಯಾಡುತ್ತದೆ" ಎಂದೂ ಹೇಳಿದ್ದೆ. ಆ ಗಾಳಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದರ ಜೊತೆಗೆ ತಮ್ಮದೇ ಲ್ಯಾಪ್‌ಟಾಪಿನಿಂದ ಹಾಡು ಹಾಕಿದವರು ಅವರೇ. ಪರದೆ ಅವರ ಕಡೆಗೆ, ನಮ್ಮ ಕಣ್ಣು ಮುಚ್ಚಿದ್ದವು. "ಕಣ್ಣು ಮುಚ್ಚಿ ಕೇಳಿ ಸರ್, ಆಗಲೇ ಗೊತ್ತಾಗುವುದು."

ಸಂಜೆಯೊಳಗೆ ಯುಪಿಐ ಮೂಲಕ 68 ಸಾವಿರ ಹೋಯಿತು. ಬೆಳ್ಳಿ ಲೇಪದ ತಂತಿಯದು ಎಂದು ಹೇಳಿ ಒಂದು ಕೇಬಲ್ ತೋರಿಸಿದರು. ಅದಕ್ಕೆ 9 ಸಾವಿರ, ಅದು ನಗದು. ಬಿಲ್ಲಿನ ಫೋಟೋವನ್ನು ಮೊಬೈಲಿಗೆ ಕಳುಹಿಸಿದರು, ನೋಡಿದೆ. ಬಿಲ್ಲಿನಲ್ಲಿರುವ ಸಂಖ್ಯೆ ಹೆಡ್‌ಫೋನಿನ ಪಟ್ಟಿಯ ಒಳಗಡೆ ಕೆತ್ತಿದ ಸಂಖ್ಯೆಯೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಲಿಲ್ಲ. ದಿನವಿಡೀ ತಾಳೆ ನೋಡುವುದೇ ನನ್ನ ಉದ್ಯೋಗ.

ಮನೆಗೆ ತಂದು ನನ್ನ ಪುಟ್ಟ ಆಂಪ್ಲಿಫೈಯರಿಗೆ ಜೋಡಿಸಿದ ಮೊದಲ ರಾತ್ರಿಯೇ ಸಪ್ಪೆ ಎನ್ನಿಸಿತು. ಹೊಸ ಜಾಗ, ಒಗ್ಗಿಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಣ ಕೊಟ್ಟ ಮೇಲೆ ಮನಸ್ಸು ವಕೀಲನಾಗುತ್ತದೆ. ಮೂರನೆಯ ದಿನ ಗಾಯಕರು ಬಲಕ್ಕೆ ಸರಿದು ಕೂತಿದ್ದಾರೆ ಎನ್ನಿಸಿತು. ನಡುವೆ ಕೂರಬೇಕಾದ ಕಂಠ ಬಲಗಿವಿಯ ಕಡೆ ವಾಲಿತ್ತು. ನನ್ನ ಎಡಗಿವಿಯೇ ಹೋಯಿತೇನೋ ಎಂದು ಹೆದರಿಕೆಯಾಯಿತು.

ಇದಕ್ಕೊಂದು ಸುಲಭ ಪರೀಕ್ಷೆ ಇದೆ, ಖರ್ಚಿಲ್ಲ. ಹೆಡ್‌ಫೋನನ್ನು ಉಲ್ಟಾ ಹಾಕಿಕೊಳ್ಳಿ, ಎಡದ್ದು ಬಲಗಿವಿಗೆ, ಬಲದ್ದು ಎಡಗಿವಿಗೆ. ಕಂಠ ಇನ್ನೂ ಬಲಕ್ಕೇ ವಾಲಿದ್ದರೆ ತೊಂದರೆ ಇರುವುದು ನಿಮ್ಮ ಕಿವಿಯಲ್ಲಿ. ಎಡಕ್ಕೆ ದಾಟಿದರೆ ಹೆಡ್‌ಫೋನಿನಲ್ಲಿ ಅಥವಾ ಅದಕ್ಕೆ ಬರುತ್ತಿರುವ ಸದ್ದಿನಲ್ಲಿ. ನನ್ನದು ಎಡಕ್ಕೆ ದಾಟಿತು. ಆಂಪ್ಲಿಫೈಯರ್ ಬದಲಿಸಿದರೂ ಹಾಗೆಯೇ, ಕೇಬಲ್ ಬದಲಿಸಿದರೂ ಹಾಗೆಯೇ. ಕಿವಿ ಉಳಿಯಿತು ಎಂದು ಒಂದು ಕ್ಷಣ ಸಂತೋಷವಾದದ್ದೂ ನಿಜ.

ಹಾಗಾದರೆ ಮಾಳಿಗೆಯಲ್ಲಿ ಏಕೆ ನಡುವೆ ಕೇಳಿಸಿತು? ಉತ್ತರ ಸಿಕ್ಕಿದ್ದು ಫೋಟೋಗಳಲ್ಲಿ. ಮನೆಯ ಗೆಳೆಯರಿಗೆ ಒಂದು ಚಾಳಿ, ಕಣ್ಣು ಮುಚ್ಚಿ ತಲೆದೂಗುತ್ತಿರುವ ನಮ್ಮ ಮುಖಗಳನ್ನು ತೆಗೆದು ಆಮೇಲೆ ನಗಿಸುವುದು. ನನ್ನ ಎರಡು ಫೋಟೋಗಳಿದ್ದವು. ನನ್ನ ಎಚ್‌ಡಿ 600 ಹಾಕಿಕೊಂಡಿರುವ ಫೋಟೋದ ಮೂಲೆಯಲ್ಲಿ ಲ್ಯಾಪ್‌ಟಾಪಿನ ಪರದೆ ಕಾಣುತ್ತದೆ. ಬೇರೆ ಬೇರೆ ಸ್ವರಗಳ ಸದ್ದನ್ನು ಏರಿಸಿ ಇಳಿಸುವ ಈಕ್ವಲೈಸರಿನ ಗೆರೆಗಳೆಲ್ಲ ಒಂದೇ ಮಟ್ಟದಲ್ಲಿವೆ. ಅವರ ಹೆಡ್‌ಫೋನ್ ಹಾಕಿಕೊಂಡಿರುವ ಫೋಟೋದಲ್ಲಿ ಅದೇ ಪರದೆ, ಎಡಬದಿಯ ಬೇಸ್ ಗೆರೆಗಳು, ಅಂದರೆ ಕೆಳಗಿನ ಸ್ವರಗಳವು, ಮೇಲೆದ್ದಿವೆ. ಕೆಳಗಡೆ ಎಡ-ಬಲ ಸಮತೋಲದ ಗುಬುಟು ನಡುವಿನಿಂದ ಎಡಕ್ಕೆ ಸರಿದಿದೆ. ಎಡಗಡೆ ಶಬ್ದ ಸತ್ತದ್ದು ಗೊತ್ತಾಗದಂತೆ ಅಲ್ಲಿಂದ ಎರಡೂ ಕಡೆಯನ್ನು ಸರಿದೂಗಿಸಿದ್ದರು. ನಾವಿಬ್ಬರೂ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ನನ್ನ ಮುಖದಲ್ಲಿ ಎಂಥ ಪರಮಾನಂದ!

ಈಕ್ವಲೈಸರ್ ಬಳಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಾನೂ ಬಳಸುತ್ತೇನೆ, ಬಳಸಬೇಕು ಕೂಡ. ಒಂದಕ್ಕೆ ಹಾಕಿ, ಇನ್ನೊಂದಕ್ಕೆ ತೆಗೆದು, ಎರಡನ್ನೂ ಹೋಲಿಸಿ ಎನ್ನುವುದನ್ನು ನಮ್ಮ ಮಂಡಿಯಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ.

ಮುಂದಿನ ಭಾನುವಾರ ಅದೇ ಆಂಪ್ಲಿಫೈಯರ್, ಅದೇ ಗುಂಡಿ, ಅದೇ ಜ್ಯಾಕುಗಳು. ಈ ಸಲ ಅಳೆದೆವು. ಅಂಗೈಗಿಂತ ದೊಡ್ಡದಾದ ರಟ್ಟಿನ ತುಂಡು, ನಡುವೆ ಫೋನಿನ ಮೈಕ್ ಕೂರುವಷ್ಟು ತೂತು. ಇಯರ್ ಪ್ಯಾಡನ್ನು ರಟ್ಟಿನ ಮೇಲೆ ಸಂದಿಲ್ಲದಂತೆ ಒತ್ತಿಟ್ಟು, ಮಳೆ ಸುರಿದಂತೆ ಕೇಳುವ ಪಿಂಕ್ ನಾಯ್ಸ್ ಹಾಕಿ, ಫೋನಿನ ಶಬ್ದಮಾಪಕದ ಅಂಕಿ ಬರೆದುಕೊಂಡೆವು. ಫೋನ್ ತೋರಿಸುವ ಅಂಕಿಯೇ ಸರಿಯಾದ ಡೆಸಿಬೆಲ್ ಎಂದುಕೊಳ್ಳಬೇಡಿ. ನಮಗೆ ಬೇಕಾದದ್ದು ಎರಡರ ನಡುವಿನ ಅಂತರ, ಅದಕ್ಕೆ ಇದು ಸಾಕು. ಪ್ರತಿಯೊಂದನ್ನೂ ಎತ್ತಿ ಮತ್ತೆ ಇಟ್ಟು ನಾಲ್ಕು ಸಲ ಅಳೆಯಿರಿ, ಏಕೆಂದರೆ ಒಂದು ಕೂದಲೆಳೆಯ ಸಂದು ಬಿಟ್ಟರೂ ಬೇಸ್ ಸೋರಿಹೋಗುತ್ತದೆ. ನಮಗೆ ಬಂದದ್ದು: ಅವರ ಹೆಡ್‌ಫೋನಿನ ಬಲಗಡೆ ನನ್ನದಕ್ಕಿಂತ ಸುಮಾರು 5 ಡೆಸಿಬೆಲ್ ಜೋರು. ಅದರದೇ ಎಡಗಡೆ ಬಲಗಡೆಗಿಂತ 3 ಡೆಸಿಬೆಲ್ ಕಡಿಮೆ.

ಗುಂಡಿ ತಿರುಗಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಈಕ್ವಲೈಸರ್ ಇಲ್ಲದೆ, ಅದೇ ಹಾಡನ್ನು ಸರದಿಯಂತೆ ಕೇಳಿದೆವು. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊಸದು ಕೆಟ್ಟದ್ದಾಗಿರಲಿಲ್ಲ, ಅದನ್ನೂ ಹೇಳಬೇಕು. ತಬಲಾದ ಪೆಟ್ಟು ಬಿಡಿಬಿಡಿಯಾಗಿ ಚೆನ್ನಾಗಿಯೇ ಕೇಳುತ್ತಿತ್ತು. ಕಂಠಕ್ಕೆ ಮಾತ್ರ ಐವರಲ್ಲಿ ನಾಲ್ವರು ನನ್ನ ಹಳೆಯದನ್ನೇ ಒಪ್ಪಿದರು. ಐದನೆಯವನು ನಾನು. ನನಗೆ ಆಗಲೂ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

ಕೇಬಲ್‌ದು ಇನ್ನೊಂದು ಕಥೆ. ಹೆಡ್‌ಫೋನ್‌ಗಳನ್ನು ಗುಟ್ಟಾಗಿ ಬದಲಿಸಿ ಪರೀಕ್ಷಿಸುವುದು ಕಷ್ಟ, ಭಾರ ಮತ್ತು ಪ್ಯಾಡಿನ ಸ್ಪರ್ಶದಿಂದಲೇ ತಲೆಗೆ ಗೊತ್ತಾಗಿಬಿಡುತ್ತದೆ. ಕೇಬಲ್‌ಗೆ ಆ ತೊಂದರೆಯಿಲ್ಲ. ನನ್ನ ಬೆನ್ನ ಹಿಂದೆ ಪಂಚೆಯ ಮರೆಯಲ್ಲಿ ಗೆಳೆಯರು ಬೆಳ್ಳಿಯ ಕೇಬಲ್ಲೋ ಪೆಟ್ಟಿಗೆಯಲ್ಲಿ ಬಂದ ಮಾಮೂಲಿ ಕೇಬಲ್ಲೋ ನಾಣ್ಯ ಚಿಮ್ಮಿ ಹಾಕುವುದು, ನಾನು ಯಾವುದೆಂದು ಹೇಳುವುದು. ಒಟ್ಟು 16 ಸಲ. ಬರೀ ಊಹೆಯಿಂದ 16ಕ್ಕೆ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆದ್ದರಿಂದ 12 ಬಂದರೆ ಕಿವಿಗೆ ಏನೋ ಸಿಗುತ್ತಿದೆ ಎನ್ನಬಹುದು. ನನಗೆ ಬಂದದ್ದು 9. ಕೇಳದೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, 9 ಸಾವಿರ ಉಳಿಯುತ್ತಿತ್ತು.

ಇನ್ನು ಗಾಳಿ. ಪಿಯುಸಿ ಓದುವ ಮಗ ಒಂದು ಸಂಜೆ ಫೋನಿನಿಂದ ಒಂದೊಂದೇ ಸ್ವರವನ್ನು ಏರಿಸುತ್ತ ಹೋದ. 12 ಸಾವಿರ ಹರ್ಟ್ಸ್ ದಾಟಿದ ಮೇಲೆ ನನಗೆ ನಿಶ್ಶಬ್ದ. ಅವನು 17 ಸಾವಿರದಲ್ಲೂ "ಅಪ್ಪಾ, ಸಾಕು, ಚುಚ್ಚುತ್ತಿದೆ" ಎಂದು ಕಿವಿ ಮುಚ್ಚಿಕೊಂಡ. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಹೋಗುವುದು ಸಹಜ, ನನಗೆ 46. ಆದರೂ ಅಂದು ಮಾಳಿಗೆಯಲ್ಲಿ ಗಾಳಿಯಾಡುತ್ತದೆ ಎಂದವನು ನಾನು. ಆಡಿದ್ದು ಬಹುಶಃ ಫ್ಯಾನು.

ಹೆಡ್‌ಫೋನನ್ನು ಬೆಂಗಳೂರಿನ ಸೇವಾ ಕೇಂದ್ರಕ್ಕೆ ಕಳುಹಿಸಿದೆ. ಎಡಗಡೆಯ ಡ್ರೈವರ್ (ಸದ್ದು ಹುಟ್ಟಿಸುವ ಭಾಗ) ಮೂಲದ್ದಲ್ಲ, ಯಾರೋ ಬೇರೆ ಹಾಕಿದ್ದಾರೆ, ನೀವು ಕಳುಹಿಸಿದ ಬಿಲ್ಲಿನ ಸಂಖ್ಯೆ ಈ ಹೆಡ್‌ಫೋನಿನದಲ್ಲ ಎಂಬ ಉತ್ತರ ಬಂತು. ಮಾರಿದವರಿಗೆ ಫೋನ್ ಮಾಡಿದೆ. ಮೊದಲ ಸಲ "ಪ್ಯಾಡ್ ಪಳಗಬೇಕು ಸರ್" ಎಂದರು. ಎರಡನೆಯ ಸಲ "ಆರು ಜನರ ಮುಂದೆ ನೀವೇ ಕೇಳಿ ಮೆಚ್ಚಿ ತೆಗೆದುಕೊಂಡಿರಿ" ಎಂದರು. ಮೂರನೆಯ ಸಲ ಎತ್ತಲಿಲ್ಲ. ಪರಿಚಯದ ವಕೀಲರು, ಅಂಗಡಿಯವರಲ್ಲದ ಖಾಸಗಿ ವ್ಯಕ್ತಿ ತನ್ನ ಹಳೆಯ ವಸ್ತು ಮಾರಿದ್ದಕ್ಕೆ ಗ್ರಾಹಕರ ಆಯೋಗದ ಬಾಗಿಲು ತಟ್ಟುವುದು ಕಷ್ಟ, ಸಿವಿಲ್ ದಾವೆ ಹೂಡಬಹುದು, ಹೂಡಿದರೆ ಓಡಾಟಕ್ಕೇ ಇನ್ನೊಂದು ಹೆಡ್‌ಫೋನಿನ ಹಣ ಬೇಕು ಎಂದರು.

ಚಿತ್ರದುರ್ಗದವರೇ, ಭಾನುವಾರ ಹಾಡು ನಿಮ್ಮ ಲ್ಯಾಪ್‌ಟಾಪಿನಿಂದ ಬರಲಿ. ಎರಡೂ ಹೆಡ್‌ಫೋನ್‌ಗಳು ಒಂದೇ ಬಗೆಯ ಜ್ಯಾಕಿನಲ್ಲಿರಲಿ. ಗುಂಡಿ ನೋಡಬೇಡಿ, ಶಬ್ದ ಅಳೆಯಿರಿ. ಎಡ-ಬಲ ಒಂದೇ ಸದ್ದು ಬರುವ ಮೋನೋ ದನಿ ಹಾಕಿ, ಉಲ್ಟಾ ಹಾಕಿಕೊಂಡು ನೋಡಿ. ಕೆಳಗಿನ ಸ್ವರಗಳನ್ನು 20 ಹರ್ಟ್ಸ್‌ನಿಂದ 200ರವರೆಗೆ ನಿಧಾನವಾಗಿ ಏರಿಸಿ, ಎಲ್ಲಾದರೂ ಜೀರುಂಡೆಯಂತೆ ಗುಂಯ್‌ಗುಟ್ಟಿದರೆ ಡ್ರೈವರ್ ಪೆಟ್ಟು ತಿಂದಿರಬಹುದು ಅಥವಾ ಒಳಗೆ ಕೂದಲು ಬಿದ್ದಿರಬಹುದು. ಸಂಖ್ಯೆ ತಾಳೆ ನೋಡಿ. ಎಷ್ಟೇ ಇಷ್ಟವಾದರೂ ಅಂದೇ ಹಣ ಕೊಡಬೇಡಿ, ಎರಡು ರಾತ್ರಿ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಕೇಳಿ. ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುವಾಗ ಯಾವ ಮಾಲೀಕನೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಚಹಾ ಕುಡಿಸಿ ಕಳುಹಿಸಿಬಿಡಿ.

ನನ್ನದನ್ನು ನಾನೂ ಮಾರಾಟಕ್ಕಿಟ್ಟೆ. ಎಡಗಡೆ 3 ಡೆಸಿಬೆಲ್ ಕಡಿಮೆ, ಡ್ರೈವರ್ ಮೂಲದ್ದಲ್ಲ, ಬಿಲ್ ಇಲ್ಲ ಎಂದು ಬರೆದೇ ಇಟ್ಟೆ. ಹರಿಹರದಿಂದ ಒಬ್ಬರು ಬಂದರು. ಅರ್ಧ ಗಂಟೆ ಕೇಳಿದರು, ರಟ್ಟು ಇಟ್ಟು ಅಳೆದರು, ಮಂಡಕ್ಕಿ ಮೆಣಸಿನಕಾಯಿ ತಿಂದರು. "ಸರ್, ನೀವು ಬರೆದದ್ದೆಲ್ಲ ನೂರಕ್ಕೆ ನೂರು ನಿಜ" ಎಂದು ಕೈ ಮುಗಿದು ಹೊರಟುಹೋದರು.

ಆ ರಟ್ಟಿನ ತುಂಡನ್ನು ಶನಿವಾರ ದುರ್ಗಕ್ಕೆ ಹೋಗುವ ಗೆಳೆಯನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಹಿಂದಿರುಗಿಸಿ, ನಮ್ಮ ಮಾಳಿಗೆಯಲ್ಲಿ ಬೇಕಾಗುತ್ತದೆ.